ಮಗ ಮತ್ತೆ ಜಪಸರಕ್ಕೆ ಬಂದು ಕೂತದ್ದು: ನನ್ನ ಅನುಭವ

"ಒಂದೇ ರಹಸ್ಯ ಹೇಳಿ ಎದ್ದುಬಿಟ್ಟರೆ ಅದೆಂಥ ಪ್ರಾರ್ಥನೆ?" ಎಂದು ಮೂಗು ಮುರಿದಿದ್ದ ನಮ್ಮ ಅತ್ತೆಯೇ ಮೊನ್ನೆ ತಮ್ಮ ಕಿರಿಯ ಅಳಿಯನಿಗೆ "ಮಗ ಮತ್ತೆ ಪ್ರಾರ್ಥನೆಗೆ ಬಂದದ್ದು ಹೇಗೆ ಅಂತ ನಿಮ್ಮ ಭಾವನ್ನ ಕೇಳಿ" ಎಂದು ಹೇಳಿ ಕಳಿಸಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಜಪಸರ ಅಂದರೆ ನಾವು ಕ್ಯಾಥೊಲಿಕರು ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ; ಅದರಲ್ಲಿ ನೆನೆಯುವ ಯೇಸು-ಮರಿಯಾರ ಬದುಕಿನ ಒಂದೊಂದು ಘಟನೆಗೂ ರಹಸ್ಯ ಅನ್ನುತ್ತೇವೆ.

ಪೀಣ್ಯದಲ್ಲಿ ನನ್ನದೊಂದು ಲೇತ್ ಶೆಡ್ ಇದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ ಮೇಲೆ ಮಗ ನನ್ನ ಜೊತೆ ಮಾತು ಬಿಟ್ಟ. ಪ್ರಾರ್ಥನೆಯ ಹೊತ್ತಿಗೆ ಟೆರೇಸ್ ಹತ್ತಿಬಿಡುತ್ತಿದ್ದ. ಮೊದಲು ದುಡ್ಡು ಸುರಿದು ನೋಡಿದೆ. ಆನ್‌ಲೈನ್ ಕೋಚಿಂಗಿಗೆ ಹೆಚ್ಚುಕಡಿಮೆ 38 ಸಾವಿರ. ಅವನು ನೋಡಿದ್ದು ಆರು ವಾರ, ನಾನು ಕಂತು ಕಟ್ಟಿದ್ದು ಒಂದು ವರ್ಷ. ಧ್ಯಾನಕೂಟಕ್ಕೆ ಎರಡೂವರೆ ಸಾವಿರ. ಮಧ್ಯಾಹ್ನವೇ ಶೆಡ್ ಮುಚ್ಚಿ ವಿವೇಕನಗರದ ಬಾಲಯೇಸುವಿನ ಚರ್ಚಿಗೆ ಒಂಬತ್ತು ಗುರುವಾರ ಹೋದೆ. ಕೈತಪ್ಪಿದ ಜಾಬ್‌ವರ್ಕ್ ಸುಮಾರು ಹನ್ನೆರಡು ಸಾವಿರದ್ದು. ಆ ಹನ್ನೆರಡು ಸಾವಿರಕ್ಕೆ ಮಾತ್ರ ನನಗೆ ಬೇಸರವಿಲ್ಲ. ಎಂಟನೇ ಗುರುವಾರ ಅಲ್ಲಿ ಮೊಣಕಾಲೂರಿ ಕೂತಿದ್ದಾಗಲೇ ತಪ್ಪು ಎಲ್ಲಿದೆ ಅಂತ ಹೊಳೆಯಿತು.

ಮನೆಯಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ನಾನು ಮಗನನ್ನು ಬೈಯುತ್ತಿದ್ದೆ. "ಪ್ರಭುವೇ, ಇವನಿಗೆ ಬುದ್ಧಿ ಕೊಡು, ಇವನ ಮೊಬೈಲ್ ಹುಚ್ಚು ಬಿಡಿಸು" ಅಂತ ಅವನ ಕಿವಿಗೆ ಬೀಳುವ ಹಾಗೆ ಹೇಳುತ್ತಿದ್ದೆ. ಸಂತ ಮೋನಿಕಾ ದಾರಿ ತಪ್ಪಿದ್ದ ಮಗ ಅಗಸ್ಟೀನನಿಗಾಗಿ ಹದಿನೇಳು ವರ್ಷ ಅತ್ತ ಕಥೆಯನ್ನೂ ಎಳೆದು ತರುತ್ತಿದ್ದೆ. ಆ ತಾಯಿ ಅತ್ತದ್ದು ದೇವರ ಮುಂದೆ, ನಾನು ಬೈದದ್ದು ಮಗನ ಮುಂದೆ. ಯಾವ ಹುಡುಗ ತಾನೇ ಅಂಥ ಪ್ರಾರ್ಥನೆಗೆ ಬಂದು ಕೂರುತ್ತಾನೆ?

ಅಂದಿನಿಂದ ಮನೆಯಲ್ಲಿ ಒಂದು ನಿಯಮ ಮಾಡಿದೆ: ಎದುರಿಗೆ ಕೂತವರಿಗಾಗಿ ಯಾರೂ ಬಾಯಿಬಿಟ್ಟು ಬೇಡಿಕೊಳ್ಳಬಾರದು. ಕಾಯಿಲೆಯವರಿಗೆ, ತೀರಿಕೊಂಡವರಿಗೆ, ಪಕ್ಕದ ಮನೆಯವರಿಗೆ ಎಷ್ಟು ಬೇಕಾದರೂ ಬೇಡಿ. ವಾರದ ಯಾವ ದಿನವೇ ಇರಲಿ, ಜಪಸರದ 'ಸಂತೋಷದ ರಹಸ್ಯ'ಗಳಲ್ಲಿ ಐದನೆಯದು ಒಂದೇ ಸಾಕು. ಅಂದರೆ, ಹನ್ನೆರಡು ವರ್ಷದ ಯೇಸು ಮೂರು ದಿನ ಕಾಣೆಯಾಗಿ ದೇವಾಲಯದಲ್ಲಿ ಸಿಕ್ಕಿದ್ದು. ಅಲ್ಲಿ "ಏಕೆ ಹೀಗೆ ಮಾಡಿದೆ ಮಗನೇ" ಎಂದು ಕೇಳುವವರು ಮಾತೆ ಮರಿಯಾ. ಯೇಸುವಿನ ಸಾಕುತಂದೆ ಸಂತ ಜೋಸೆಫರು ಪಕ್ಕದಲ್ಲೇ ಇದ್ದೂ ತುಟಿ ಬಿಚ್ಚುವುದಿಲ್ಲ. ಬೈಬಲಿನ ನಾಲ್ಕೂ ಶುಭಸಂದೇಶಗಳಲ್ಲಿ ಅವರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಕನಸಿನಲ್ಲಿ ದೇವದೂತ ಹೇಳಿದ್ದನ್ನು ಕೇಳಿಸಿಕೊಂಡು, ಎದ್ದು, ಆ ರಾತ್ರಿಯೇ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು, ಅಷ್ಟೇ. ಅಪ್ಪಂದಿರಿಗೆ ಇದಕ್ಕಿಂತ ದೊಡ್ಡ ಪಾಠ ನನಗಂತೂ ಸಿಕ್ಕಿಲ್ಲ.

ಬೈಗುಳ ಎಲ್ಲಿಗೆ ಹೋಗಬೇಕು ಹಾಗಾದರೆ? ಚೀಟಿಗೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಮನಿಲಾದಲ್ಲಿ ಹೇಳಿದ್ದು ನಿಮಗೂ ಗೊತ್ತಿರುತ್ತದೆ: ಕಷ್ಟ ಬಂದಾಗ ಚೀಟಿ ಬರೆದು ಮಲಗಿರುವ ಜೋಸೆಫರ ಪ್ರತಿಮೆಯ ಕೆಳಗೆ ಇಡುತ್ತಿದ್ದರಂತೆ. ಶಿವಾಜಿನಗರದಲ್ಲಿ ಆರುನೂರು ಚಿಲ್ಲರೆಗೆ ಒಂದು ಪ್ರತಿಮೆ ತಂದೆ. ಮೊದಲ ತಿಂಗಳಲ್ಲೇ ನಲವತ್ತರ ಹತ್ತಿರ ಚೀಟಿ ಸೇರಿದವು. ಚೀಟಿಯ ಮೊದಲ ಸಾಲಿನಲ್ಲಿ ಏನು ಬರೆಯುತ್ತೇನೆ ಅನ್ನುವುದನ್ನು ಹೇಳಲಾರೆ, ಅದು ನನಗೂ ಜೋಸೆಫರಿಗೂ ಬಿಟ್ಟದ್ದು.

ಇನ್ನೂ ಏನೇನೋ ಮಾಡಿ ನೋಡಿದೆ. ಲೈಟ್ ಆರಿಸಿ ಮೇಣದಬತ್ತಿ ಹಚ್ಚಿದರೆ ಮಗಳು ತೂಕಡಿಸುತ್ತಾಳೆ. ಊಟಕ್ಕೆ ಮುಂಚೆ ಕೂತರೆ ಎಲ್ಲರಿಗೂ ಅವಸರ. ಒಂಬತ್ತೂಕಾಲಿಗೆ, ಊಟ ಆದ ಮೇಲೆ, ಸರಿಹೋಯಿತು. ಬುಧವಾರ ಜೋಸೆಫರ ದಿನ ಅಂತ ಕಾಫಿ ಬಿಟ್ಟಿದ್ದೆ. ತಲೆನೋವು ಬಂದು ಎಲ್ಲರ ಮೇಲೂ ರೇಗಿದೆ, ಮೂರೇ ವಾರಕ್ಕೆ ಅದನ್ನು ನಿಲ್ಲಿಸಿದೆ.

ಮಗ ಕೆಳಗಿಳಿದು ಬಂದದ್ದು ಸುಮಾರು ಹನ್ನೊಂದನೇ ವಾರ. ಬಾಗಿಲ ಬಳಿ ನಿಂತ. ಯಾರೂ ತಿರುಗಿ ನೋಡಬಾರದೆಂದು ಮನೆಯವಳಿಗೆ ಮೊದಲೇ ಹೇಳಿಟ್ಟಿದ್ದೆ. ಇನ್ನೆರಡು ವಾರಕ್ಕೆ ಚಾಪೆಯ ತುದಿಯಲ್ಲಿ ಕೂತ. ಗಣಿತ ಎರಡನೇ ಸಲವೂ ಹೋಯಿತು, ಆಗ ನಾನು ಒಂದು ಮಾತೂ ಆಡಲಿಲ್ಲ. ಮೂರನೇ ಸಲ 41 ಬಂತು.

ಕಳೆದ ಮಾರ್ಚ್ 19ರಂದು, ಜೋಸೆಫರ ಹಬ್ಬದ ರಾತ್ರಿ, ಅವನು ಮೊದಲ ಸಲ ಬಾಯಿಬಿಟ್ಟು ಬೇಡಿಕೊಂಡ: "ಅಪ್ಪನ ಲೇತ್ ಸಾಲ ಬೇಗ ತೀರಲಿ." ಸಾಲದ ಸುದ್ದಿಯನ್ನು ನಾನು ಅವನಿಗೆ ಹೇಳಿರಲೇ ಇಲ್ಲ. ನಿಯಮ ಮುರಿದಿದ್ದ. ನಾನು "ಆಮೆನ್" ಅಂದೆ. ಇನ್ನೂ ಹತ್ತೊಂಬತ್ತು ಕಂತು ಬಾಕಿಯಿದೆ. ಅದೇ ಬೇಡಿಕೆಯ ಚೀಟಿ ಈಗ ಜೋಸೆಫರ ಕೆಳಗಿದೆ, ಅವನ ಅಕ್ಷರದಲ್ಲಿ.