ವಿಂಡೋಸ್ 3.1 ಮೇಲೆ ವಿನ್‌ಜಿಪ್: ಬಟನ್ ಹಿಂದೆ ಏನಿದೆ ಅಂತ ತಿಳಿದು ಬಳಸಿ

ಹಳೆ 386 ಅಥವಾ 486 ಕಂಪ್ಯೂಟರನ್ನು ಮತ್ತೆ ಓಡುವ ಹಾಗೆ ಮಾಡಿದ ಮೇಲೆ ಎದುರಾಗುವ ಮೊದಲ ಕೆಲಸ ಗಂಟು ಬಿಚ್ಚುವುದು, ಅಂದರೆ ಕುಗ್ಗಿಸಿ ಒಂದಾಗಿ ಕಟ್ಟಿಟ್ಟ ಫೈಲುಗಳನ್ನು ಬಿಡಿಸುವುದು. ಆ ಕಾಲದ ಆಟ, ಸೌಂಡ್ ಕಾರ್ಡಿನ ಡ್ರೈವರ್, ಫಾಂಟು, ಏನೇ ಹುಡುಕಿ, ಅದು ಜಿಪ್ ಆಗಿಯೋ ಎಆರ್‌ಜೆ ಆಗಿಯೋ ಎಲ್‌ಜೆಡ್‌ಎಚ್ ಆಗಿಯೋ ಸಿಗುತ್ತದೆ, ಮೂರೂ ಗಂಟು ಕಟ್ಟುವ ಬೇರೆ ಬೇರೆ ಬಗೆಗಳು. ಡಾಸ್‌ನಲ್ಲಿ ಕಮಾಂಡ್ ಹೊಡೆದು ಬಿಚ್ಚಬಹುದು, ಅದು ಗೊತ್ತಿರಲೂ ಬೇಕು. ಆದರೆ ವಿಂಡೋಸ್ 3.1 ಇದ್ದರೆ, ಬಟನ್ ಒತ್ತಿ ಗಂಟು ಕಟ್ಟಿ ಬಿಚ್ಚಬಹುದಾದ ವಿನ್‌ಜಿಪ್ ಹಾಕಿಕೊಳ್ಳಿ. ದಿನದ ಕೆಲಸಕ್ಕೆ ಅದರಷ್ಟು ಹಿತವಾದದ್ದು ನನಗೆ ಸಿಕ್ಕಿಲ್ಲ. ಇವತ್ತಿನ ಕಂಪ್ಯೂಟರಿನಲ್ಲಿ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಒಳಗೆ ವಿಂಡೋಸ್ 3.1 ಓಡಿಸುವವರಿಗೂ ಇದೆಲ್ಲ ಹೆಚ್ಚುಕಮ್ಮಿ ಹೀಗೇ.

ಒಂದು ವಿಷಯ ಮೊದಲೇ ತಿಳಿದಿರಲಿ. ವಿನ್‌ಜಿಪ್ ಹುಟ್ಟಿದ್ದೇ ಬೇರೊಂದು ಪ್ರೋಗ್ರಾಮಿನ ಮುಖವಾಗಿ. 1991ರಲ್ಲಿ ನಿಕೊ ಮ್ಯಾಕ್ ಅದನ್ನು ಹೊರತಂದಾಗ ಅದಕ್ಕೆ ತಾನಾಗಿ ಗಂಟು ಕಟ್ಟಲು ಬರುತ್ತಿರಲಿಲ್ಲ. ನೀವು ಬಟನ್ ಒತ್ತಿದರೆ ಅದು ಹಿಂದಿನಿಂದ ಫಿಲ್ ಕ್ಯಾಟ್ಜ್ ಅವರ ಪಿಕೆಜಿಪ್ ಅನ್ನುವ ಡಾಸ್ ಪ್ರೋಗ್ರಾಮಿಗೆ ಕಮಾಂಡ್ ಕೊಡುತ್ತಿತ್ತು, ಅಷ್ಟೇ. 1993ರ 5.0 ಆವೃತ್ತಿಯಿಂದ ಇನ್ಫೋ-ಜಿಪ್ ತಂಡದ ಕೋಡ್ ಒಳಗೇ ಬಂತು, ಜಿಪ್ ಫೈಲಿಗೆ ಪಿಕೆಜಿಪ್ ಬೇಕಿಲ್ಲ ಅಂತಾಯಿತು. ಎಆರ್‌ಜೆ, ಎಲ್‌ಜೆಡ್‌ಎಚ್ ಫೈಲುಗಳಿಗೆ ಮಾತ್ರ ಅದು ಆಮೇಲೂ ಹೊರಗಿನ ಪ್ರೋಗ್ರಾಮನ್ನೇ ಕರೆಯುತ್ತದೆ. ಜನ ಎಡವುವುದು ಜಾಸ್ತಿ ಇಲ್ಲೇ.

ಹಾಕುವ ಮುಂಚೆ ಸ್ವಲ್ಪ ತಯಾರಿ ಮಾಡಿಕೊಳ್ಳಿ. ಸಿ ಡ್ರೈವ್‌ನಲ್ಲಿ ಯುಟಿಲ್ ಅಂತ ಒಂದು ಡೈರೆಕ್ಟರಿ ಮಾಡಿ, ಪಿಕೆಜಿಪ್ 2.04ಜಿ, ಎಆರ್‌ಜೆ, ಎಲ್‌ಜೆಡ್‌ಎಚ್ ಫೈಲಿಗೆ ಬೇಕಾದ ಎಲ್‌ಎಚ್‌ಎ ಮೂರನ್ನೂ ಅದರಲ್ಲಿ ಹಾಕಿ, ಕಂಪ್ಯೂಟರ್ ಶುರುವಾಗುವಾಗ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ, ಪ್ರೋಗ್ರಾಮುಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಸಾಲಿಗೆ ಆ ಡೈರೆಕ್ಟರಿ ಸೇರಿಸಿ. ಹಾಗೇ ತಾತ್ಕಾಲಿಕ ಫೈಲುಗಳ ಜಾಗ ಹೇಳುವ ಟೆಂಪ್ ಎಲ್ಲಿಗೆ ತೋರಿಸುತ್ತಿದೆ ಅಂತ ನೋಡಿ. ಕೆಲವರು ವೇಗ ಬರಲಿ ಅಂತ ಟೆಂಪ್ ಅನ್ನು ರ‍್ಯಾಮ್ ಡ್ರೈವ್‌ಗೆ, ಅಂದರೆ ಮೆಮೊರಿಯಲ್ಲೇ ಮಾಡಿಕೊಂಡ ಡಿಸ್ಕಿಗೆ, ತೋರಿಸಿರುತ್ತಾರೆ. ಅದು 1 ಎಂಬಿ ಇದ್ದರೆ 2 ಎಂಬಿಯ ಫೈಲನ್ನು ಜಿಪ್ ಒಳಗಿಂದ ನೋಡಲು ಹೋದಾಗ ಜಾಗ ಸಾಲದು ಅಂತ ತಪ್ಪು ಬರುತ್ತದೆ. ನೀವು ಹಾರ್ಡ್ ಡಿಸ್ಕ್ ನೋಡಿದರೆ ಬೇಕಾದಷ್ಟು ಜಾಗ ಇರುತ್ತದೆ, ತಲೆ ಕೆಡುತ್ತದೆ. ಟೆಂಪ್ ಹಾರ್ಡ್ ಡಿಸ್ಕ್ ಮೇಲೆಯೇ ಇರಲಿ.

ಆಮೇಲೆ ವಿನ್‌ಜಿಪ್. ವಿಂಡೋಸ್ 3.1ಕ್ಕೆ 16 ಬಿಟ್‌ನ 6.3 ಹಾಕಿ, ಆ ಸಾಲಿನಲ್ಲಿ ಕೊನೆಯದ್ದು ಅದೇ. ಹಾಕಿ ಮುಗಿದ ತಕ್ಷಣ ಆಪ್ಷನ್ಸ್ ಮೆನುವಿನಲ್ಲಿ ಪ್ರೋಗ್ರಾಮ್ ಲೊಕೇಶನ್ಸ್ ತೆಗೆಯಿರಿ. ಎಆರ್‌ಜೆ ಮತ್ತು ಎಲ್‌ಎಚ್‌ಎ ಎದುರಿಗೆ ಸಿ ಡ್ರೈವ್, ಯುಟಿಲ್, ಫೈಲಿನ ಹೆಸರು ಅಂತ ಪೂರ್ತಿ ದಾರಿ ಬರೆಯಿರಿ. ಬರೀ ಹೆಸರು ಬರೆದು ಪಾತ್ ಸಾಲಿನ ಮೇಲೆ ಭಾರ ಹಾಕಬೇಡಿ. ಆಟೋಎಕ್ಸೆಕ್ ಇನ್ನೊಂದು ದಿನ ಬದಲಾದರೆ ಇದೂ ಕೆಟ್ಟು ಕೂರುತ್ತದೆ.

ಬಳಸುವುದು ಸುಲಭ. ಫೈಲ್ ಮ್ಯಾನೇಜರ್‌ನಲ್ಲಿ ಜಿಪ್ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ವಿನ್‌ಜಿಪ್ ತೆರೆದು ಒಳಗಿನ ಫೈಲುಗಳ ಹೆಸರು, ತಾರೀಕು, ಗಾತ್ರ, ಎಷ್ಟು ಕುಗ್ಗಿದೆ ಅನ್ನುವುದನ್ನೆಲ್ಲ ತೋರಿಸುತ್ತದೆ. ಹಾಗೆ ತೆರೆಯದಿದ್ದರೆ ವಿನ್ ಡಾಟ್ ಐಎನ್‌ಐ ಫೈಲಿನಲ್ಲಿ ಎಕ್ಸ್‌ಟೆನ್ಶನ್ಸ್ ಅನ್ನೋ ಭಾಗ ನೋಡಿ, ಜಿಪ್ ಅನ್ನುವ ಸಾಲು ಇಲ್ಲದಿರಬಹುದು ಅಥವಾ ಬೇರೆ ಪ್ರೋಗ್ರಾಮಿಗೆ ತೋರಿಸುತ್ತಿರಬಹುದು. ಸೇರಿಸಬೇಕಾದ ಫೈಲುಗಳನ್ನು ಫೈಲ್ ಮ್ಯಾನೇಜರ್‌ನಿಂದ ಎಳೆದು ವಿನ್‌ಜಿಪ್ ಕಿಟಕಿಯ ಮೇಲೆ ಬಿಟ್ಟರೆ ಸಾಕು.

ಗೊತ್ತಿಲ್ಲದ ಪ್ರೋಗ್ರಾಮ್ ಪರೀಕ್ಷೆ ಮಾಡುವಾಗ ಚೆಕ್‌ಔಟ್ ಬಟನ್ ಬಳಸಿ. ಜಿಪ್‌ನಲ್ಲಿ ಇರುವುದನ್ನೆಲ್ಲ ಅದು ಒಂದು ಡೈರೆಕ್ಟರಿಗೆ ಬಿಚ್ಚಿ, ಪ್ರೋಗ್ರಾಮ್ ಮ್ಯಾನೇಜರ್‌ನಲ್ಲಿ ಒಂದು ಗುಂಪು ಮಾಡಿ, ಪ್ರತಿ ಫೈಲಿಗೂ ಐಕಾನ್ ಇಟ್ಟುಕೊಡುತ್ತದೆ. ಓಡಿಸಿ ನೋಡಿ, ಬೇಡ ಅನ್ನಿಸಿದರೆ ಅಷ್ಟನ್ನೂ ಅಳಿಸಿಬಿಡಬಹುದು. 80 ಎಂಬಿಯ ಹಾರ್ಡ್ ಡಿಸ್ಕ್ ಇರುವವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಈಗ ನಿಧಾನವಾಗಿ ಓದಬೇಕಾದ ಭಾಗ. ಎಕ್ಸ್‌ಟ್ರಾಕ್ಟ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಗಮನಿಸಬೇಕಾದ ಎರಡು ಸಣ್ಣ ಚೌಕಗಳಿವೆ. ಒಂದು ಡೈರೆಕ್ಟರಿ ಹೆಸರುಗಳನ್ನು ಉಳಿಸಿಕೊಳ್ಳುವುದಕ್ಕೆ, ಇನ್ನೊಂದು ಇರುವ ಫೈಲಿನ ಮೇಲೆ ಬರೆಯುವುದಕ್ಕೆ. ಮೊದಲನೆಯದಕ್ಕೆ ಗುರುತಿಲ್ಲದೆ ಎರಡನೆಯದಕ್ಕೆ ಮಾತ್ರ ಗುರುತಿದ್ದರೆ ಅಪಾಯ. ನನ್ನ ಹಳೆ ಸಿ ಪ್ರೋಗ್ರಾಮುಗಳ ಜಿಪ್ ಒಂದಿತ್ತು. ಒಳಗೆ ಮೂರು ಡೈರೆಕ್ಟರಿ, ಮೂರರಲ್ಲೂ ಮೇನ್ ಡಾಟ್ ಸಿ ಅನ್ನೋ ಫೈಲು. ಆವತ್ತು ಚೌಕಗಳು ಹೀಗೇ ಇದ್ದವು, ನಾನು ಗಮನಿಸಲಿಲ್ಲ. ಮೂರೂ ಒಂದೇ ಜಾಗಕ್ಕೆ ಬಿಚ್ಚಿ, ಒಂದರ ಮೇಲೊಂದು ಬಿದ್ದು, ಕೊನೆಯದ್ದು ಮಾತ್ರ ಉಳಿಯಿತು. ಎಲ್ಲ ಬಂತು ಅಂದುಕೊಂಡು ಆ ಜಿಪ್ ಇದ್ದ ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಿದೆ. ಎರಡು ಫೈಲು ಹೋಗೇ ಹೋದವು, ಈಗಲೂ ನೆನೆದರೆ ಬೇಜಾರಾಗುತ್ತದೆ.

ಡಾಸ್‌ನಲ್ಲೂ ಇದೇ ಕಥೆ. ಪಿಕೆಜಿಪ್‌ನ ಜೊತೆಗಾರ, ಬಿಚ್ಚುವ ಪ್ರೋಗ್ರಾಮ್ ಪಿಕೆಅನ್‌ಜಿಪ್‌ಗೆ ಮೈನಸ್ ಡಿ ಕೊಡದಿದ್ದರೆ ಡೈರೆಕ್ಟರಿಗಳನ್ನು ಅದು ಮಾಡುವುದಿಲ್ಲ. ಕಟ್ಟುವಾಗ ಪಿಕೆಜಿಪ್‌ಗೆ ಮೈನಸ್ ಆರ್‌ಪಿ ಕೊಡದಿದ್ದರೆ ಒಳ ಡೈರೆಕ್ಟರಿಗಳನ್ನು ಹುಡುಕಿ ದಾರಿಸಮೇತ ಸೇರಿಸುವುದೂ ಇಲ್ಲ. ವಿನ್‌ಜಿಪ್‌ನ ಚೌಕಗಳು ಇದೇ ಅಕ್ಷರಗಳ ಇನ್ನೊಂದು ರೂಪ ಅಂತ ಒಂದು ಸಲ ಹೊಳೆದರೆ, ಗುರುತು ಎಲ್ಲಿರಬೇಕು ಅನ್ನುವುದು ಮರೆಯುವುದಿಲ್ಲ.

ಒಮ್ಮೊಮ್ಮೆ ಎಆರ್‌ಜೆ ಫೈಲ್ ತೆರೆದಾಗ ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಗಿ, ಏನೂ ಬಿಚ್ಚಿರುವುದಿಲ್ಲ. ಅದರಲ್ಲಿ ತಪ್ಪಿನ ಸಂದೇಶ ಇರುತ್ತದೆ, ಓದಲು ಆಗುವುದಿಲ್ಲ. ಆಗ ವಿಂಡೋಸ್‌ನ ಪಿಫ್ ಎಡಿಟರ್ ತೆಗೆದು ಎಆರ್‌ಜೆಗೆ ಒಂದು ಪಿಫ್, ಅಂದರೆ ಡಾಸ್ ಪ್ರೋಗ್ರಾಮನ್ನು ಹೇಗೆ ಓಡಿಸಬೇಕು ಅಂತ ವಿಂಡೋಸ್‌ಗೆ ಹೇಳುವ ಫೈಲು, ಮಾಡಿ. ಕ್ಲೋಸ್ ವಿಂಡೋ ಆನ್ ಎಕ್ಸಿಟ್ ಅನ್ನುವ ಗುರುತು ತೆಗೆಯಿರಿ, ಆಪ್ಷನಲ್ ಪ್ಯಾರಾಮೀಟರ್ಸ್ ಜಾಗದಲ್ಲಿ ಬರೀ ಒಂದು ಪ್ರಶ್ನೆ ಚಿಹ್ನೆ ಹಾಕಿ. ಈಗ ಆ ಪಿಫ್ ಓಡಿಸಿದರೆ ವಿಂಡೋಸ್ ನಿಮ್ಮನ್ನು ಕೇಳಿ ಕಮಾಂಡ್ ತೆಗೆದುಕೊಳ್ಳುತ್ತದೆ, ಕೆಲಸ ಮುಗಿದ ಮೇಲೂ ಕಿಟಕಿ ನಿಂತಿರುತ್ತದೆ. ಎಕ್ಸ್ ಅಂತ ಬರೆದು, ಜಾಗ ಬಿಟ್ಟು ಫೈಲಿನ ಪೂರ್ತಿ ದಾರಿ ಕೊಡಿ. ತಪ್ಪೇನು ಅಂತ ಕಣ್ಣೆದುರೇ ಕಾಣುತ್ತದೆ.

ಕೆಲವು ಸಲ ತಪ್ಪು ಫೈಲಿನ ಹೆಸರಿನಲ್ಲೇ ಇರುತ್ತದೆ. ಯಾರೋ ಎಲ್‌ಜೆಡ್‌ಎಚ್ ಫೈಲಿಗೆ ಜಿಪ್ ಅಂತ ಹೆಸರಿಟ್ಟಿರುತ್ತಾರೆ. ಡಾಸ್‌ನಲ್ಲಿ ಟೈಪ್ ಕಮಾಂಡಿನಿಂದ ಅದನ್ನು ತೆರೆದು ಮೊದಲ ಅಕ್ಷರಗಳನ್ನು ನೋಡಿ. ಪಿ ಮತ್ತು ಕೆ ಕಂಡರೆ ನಿಜವಾದ ಜಿಪ್, ಅವು ಫಿಲ್ ಕ್ಯಾಟ್ಜ್ ಹೆಸರಿನ ಮೊದಲಕ್ಷರಗಳು. ಶುರುವಿನಲ್ಲೇ ಎಲ್, ಎಚ್, 5 ಅಂತ ಎರಡು ಅಡ್ಡಗೆರೆಗಳ ನಡುವೆ ಕಂಡರೆ ಅದು ಎಲ್‌ಎಚ್‌ಎ ಕಟ್ಟಿದ್ದು.

ದೊಡ್ಡ ಗಂಟನ್ನು ಹಲವು ಫ್ಲಾಪಿಗೆ ಹಂಚುವುದು ವಿನ್‌ಜಿಪ್‌ಗೂ ಬರುತ್ತದೆ, ಪಿಕೆಜಿಪ್‌ಗೂ ಬರುತ್ತದೆ. ಬಿಚ್ಚುವಾಗ ಮೊದಲು ಕೊನೆಯ ಫ್ಲಾಪಿ ಹಾಕಬೇಕು, ಯಾಕೆಂದರೆ ಒಳಗೆ ಏನೇನಿದೆ ಅನ್ನುವ ಪಟ್ಟಿ ಜಿಪ್ ಫೈಲಿನ ಕೊನೆಯಲ್ಲಿ ಇರುತ್ತದೆ. ನಾನಂತೂ ಹೀಗೆ ಹಂಚುವುದನ್ನು ಬಿಟ್ಟಿದ್ದೇನೆ. ಮೂವತ್ತು ವರ್ಷದ ಫ್ಲಾಪಿಗಳಲ್ಲಿ ಕೊನೆಯದೇ ಕೆಟ್ಟರೆ ಪಟ್ಟಿಯೇ ಹೋಗುತ್ತದೆ. 1.44 ಎಂಬಿ ಫ್ಲಾಪಿಯಲ್ಲಿ ಫಾರ್ಮ್ಯಾಟ್ ಆದ ಮೇಲೆ 14,57,664 ಬೈಟ್ ಜಾಗ ಸಿಗುತ್ತದೆ, ಅದರೊಳಗೆ ಹಿಡಿಯುವ ಹಾಗೆ ಸಣ್ಣ ಸಣ್ಣ ಜಿಪ್ ಮಾಡಿ, ಒಂದೊಂದು ಫ್ಲಾಪಿಗೆ ಒಂದೊಂದು. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಬರೆದ ಮೇಲೆ ಫ್ಲಾಪಿಯಲ್ಲಿರುವ ಜಿಪ್ಪನ್ನೇ ತೆರೆದು ಆಕ್ಷನ್ಸ್ ಮೆನುವಿನ ಟೆಸ್ಟ್ ಓಡಿಸಿ. ಹಾರ್ಡ್ ಡಿಸ್ಕಿನಲ್ಲಿರುವ ಪ್ರತಿಯನ್ನು ಪರೀಕ್ಷಿಸಿದರೆ ಫ್ಲಾಪಿ ಸರಿಯಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಇವತ್ತಿನ ಕಂಪ್ಯೂಟರಿನಲ್ಲಿ ಕಟ್ಟಿ ಹಳೆಯದಕ್ಕೆ ಒಯ್ಯುವಾಗ 7-ಜಿಪ್ ಪ್ರೋಗ್ರಾಮಿನಲ್ಲಿ ಬಗೆ ಜಿಪ್, ಕುಗ್ಗಿಸುವ ವಿಧಾನ ಡಿಫ್ಲೇಟ್ ಅಂತ ಆರಿಸಿ. ಡಿಫ್ಲೇಟ್64 ಬೇಡ, ಎಲ್‌ಜೆಡ್‌ಎಂಎ ಬೇಡ, ಪಾಸ್‌ವರ್ಡ್ ಸುಮ್ನೆ ಬೇಡ. ಹೆಸರು ಎಂಟು ಅಕ್ಷರ, ಚುಕ್ಕಿ, ಮೂರು ಅಕ್ಷರ, ಅಷ್ಟರೊಳಗೇ ಇರಲಿ. ಕನ್ನಡದಲ್ಲಿ ಹೆಸರಿಟ್ಟ ಫೈಲ್ ಅಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ನಮ್ಮವರು ಇನ್ನೊಂದು ಗಮನಿಸಬೇಕು. ಆ ದಿನಗಳ ಕನ್ನಡ ಕಡತಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳ ಮೇಲೆ ನಿಂತವು. ಫಾಂಟ್ ಕಳೆದರೆ ಅಜ್ಜನ ಪತ್ರವೂ ಗಜಿಬಿಜಿ ಇಂಗ್ಲಿಷ್ ಆಗಿ ಕಾಣುತ್ತದೆ. ಹಾಗಾಗಿ ಕಡತಗಳನ್ನು ಜಿಪ್ ಮಾಡುವಾಗ ವಿಂಡೋಸ್‌ನ ಸಿಸ್ಟಮ್ ಡೈರೆಕ್ಟರಿಯಿಂದ ಆ ಫಾಂಟಿನ ಟಿಟಿಎಫ್ ಫೈಲನ್ನೂ ಎಳೆದು ಅದೇ ಗಂಟಿಗೆ ಸೇರಿಸಿ, ಯಾವ ಕಡತಕ್ಕೆ ಯಾವ ಫಾಂಟ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಟೆಕ್ಸ್ಟ್ ಫೈಲನ್ನೂ ಇಡಿ. ಆಮೇಲೆ ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಫಾಂಟ್ ಹಾಕಿ, ಒಂದು ಪುಟವನ್ನಾದರೂ ಓದಿ ನೋಡಿ.