ಮೇ ತಿಂಗಳ ಫ್ರಾಸ್ಟ್: ಹಿತ್ತಲಿನ ಗಿಡಗಳಿಗೆ ಹೊದಿಕೆ ಹಾಕುವ ಸರಿಯಾದ ಕ್ರಮ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆ ನೆಲೆಸಿರುವ ಕನ್ನಡಿಗರ ಹಿತ್ತಲುಗಳಲ್ಲಿ ಪ್ರತಿ ವಸಂತದಲ್ಲೂ ಒಂದೇ ಕಥೆ ನಡೆಯುತ್ತದೆ. ಏಪ್ರಿಲ್‌ನಲ್ಲಿ ನಾಲ್ಕು ದಿನ ಬಿಸಿಲು ಕಾದದ್ದೇ ತಡ, ಟೊಮೆಟೊ, ಬದನೆ, ಮೆಣಸಿನ ಸಸಿಗಳು ಅಂಗಡಿಯಿಂದ ಮನೆಗೆ ಬಂದು ನೆಲ ಸೇರುತ್ತವೆ. ಮೇ ಎರಡನೇ ವಾರದ ಒಂದು ಬೆಳಗ್ಗೆ ಅವೆಲ್ಲ ಬಿಸಿನೀರು ಸುರಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿರುತ್ತವೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಹಿಂದಿನ ರಾತ್ರಿ ಎಚ್ಚರಿಕೆಯ ಸುದ್ದಿ ಕೇಳಿ ಹೊದಿಕೆ ಹಾಕಿದವರ ಗಿಡಗಳೂ ಎಷ್ಟೋ ಸಲ ಹಾಗೆಯೇ ಆಗಿರುತ್ತವೆ. ಹೊದಿಕೆ ಹಾಕುವ ವಿಧಾನದಲ್ಲೇ ತಪ್ಪಾಗುವುದನ್ನು ಮನೆಯಿಂದ ಮನೆಗೆ ನೋಡುತ್ತ ಬಂದಿರುವುದರಿಂದ, ಈ ಲೇಖನದಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ತಡವಾಗಿ ಬೀಳುವ ಫ್ರಾಸ್ಟ್, ಅಂದರೆ ನೆಲದ ಬಳಿಯ ತೇವ ಹೆಪ್ಪುಗಟ್ಟಿ ಬಿಳುಪಾಗಿ ಕೂರುವಷ್ಟು ಚಳಿ, ಅಪರೂಪದ ವಿದ್ಯಮಾನವಲ್ಲ. 2012ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದಲ್ಲಿ ಬೇಸಿಗೆಯಂಥ ಬಿಸಿಲು ಬಂದು ಹಣ್ಣಿನ ಮರಗಳು ವಾರಗಟ್ಟಲೆ ಮುಂಚಿತವಾಗಿ ಚಿಗುರಿದವು. ಏಪ್ರಿಲ್‌ನ ಚಳಿಗೆ ಅಲ್ಲಿನ ಸೇಬು ಮತ್ತು ಹುಳಿ ಚೆರ್ರಿ ಬೆಳೆಯ ಸುಮಾರು ಶೇ 90ರಷ್ಟು ಹೋಯಿತು. 2023ರ ಮೇ 18ರ ಮುಂಜಾವಿನ ಚಳಿ ನ್ಯೂಯಾರ್ಕ್, ವರ್ಮಾಂಟ್ ರಾಜ್ಯಗಳ ಸೇಬಿನ ತೋಟಗಳನ್ನೂ ದ್ರಾಕ್ಷಿ ಬಳ್ಳಿಗಳನ್ನೂ ಸುಟ್ಟಿತು. ಅನುಭವಿ ಬೆಳೆಗಾರರಿಗೇ ಹೀಗಾಗುವಾಗ ಹಿತ್ತಲಿನವರು ತಮ್ಮ ಪಾಡಿಗೆ ತಾವಿರುವಂತಿಲ್ಲ.

ಮೊದಲು ದಿನಾಂಕ ತಿಳಿಯಿರಿ

ಅಮೆರಿಕದ ಕೃಷಿ ಇಲಾಖೆಯ ಹಾರ್ಡಿನೆಸ್ ಝೋನ್ ನಕ್ಷೆಯನ್ನು ಹಲವರು ನಾಟಿಯ ಪಂಚಾಂಗವೆಂದು ತಿಳಿದಿದ್ದಾರೆ. 2023ರ ನವೆಂಬರ್‌ನಲ್ಲಿ ಪರಿಷ್ಕೃತಗೊಂಡ ಆ ನಕ್ಷೆ ಹೇಳುವುದು ಚಳಿಗಾಲದ ಅತಿ ಕಡಿಮೆ ತಾಪಮಾನದ ಸರಾಸರಿಯನ್ನು ಮಾತ್ರ. ಕೊನೆಯ ಫ್ರಾಸ್ಟ್ ಯಾವಾಗ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕಾದದ್ದು ನಿಮ್ಮ ಊರಿನ ಕೊನೆಯ ಫ್ರಾಸ್ಟ್ ದಿನಾಂಕ. ಅದನ್ನು ಓದುವಾಗಲೂ ಒಂದು ಎಚ್ಚರ ಬೇಕು: ಸಾಮಾನ್ಯವಾಗಿ ಪ್ರಕಟವಾಗುವ ಸರಾಸರಿ ದಿನಾಂಕ ದಾಟಿದ ಮೇಲೂ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಫ್ರಾಸ್ಟ್ ಬರುತ್ತದೆ. ಹತ್ತು ವರ್ಷಕ್ಕೊಮ್ಮೆ ಮಾತ್ರ ಮೀರುವ ದಿನಾಂಕವನ್ನೂ ಹವಾಮಾನ ಕೋಷ್ಟಕಗಳು ಕೊಡುತ್ತವೆ. ಟೊಮೆಟೊ, ಬದನೆಗೆ ಅದನ್ನೇ ಅನುಸರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಲ್ಲಿ ಸಸಿ ಮಾರಾಟಕ್ಕಿದೆ ಎಂದಮಾತ್ರಕ್ಕೆ ನೆಡುವ ಕಾಲ ಬಂದಿದೆ ಎಂದಲ್ಲ. ಜನ ಕೊಳ್ಳುವ ಕಾಲ ಬಂದಿದೆ ಎಂದಷ್ಟೇ. ಕೊತ್ತಂಬರಿ, ಪಾಲಕ್, ಎಲೆಕೋಸು, ಬಟಾಣಿಗಳಿಗೆ ಈ ಯೋಚನೆ ಬೇಕಿಲ್ಲ, ಹಗುರವಾದ ಫ್ರಾಸ್ಟನ್ನು ಅವು ತಡೆದುಕೊಳ್ಳುತ್ತವೆ. ಕುಂಡದ ಕರಿಬೇವು, ಮಲ್ಲಿಗೆ, ತುಳಸಿಯನ್ನಂತೂ ರಾತ್ರಿಯ ತಾಪಮಾನ 50 ಡಿಗ್ರಿ ಫ್ಯಾರನ್‌ಹೀಟ್ (10 ಡಿಗ್ರಿ ಸೆಲ್ಸಿಯಸ್) ದಾಟಿ ನಿಲ್ಲುವವರೆಗೆ ಹೊರಗೆ ಬಿಡಬೇಡಿ.

ಸಂಜೆಯ ಲಕ್ಷಣಗಳು

ಆಕಾಶ ನಿರ್ಮಲವಾಗಿ, ಗಾಳಿ ನಿಂತು, ಒಣ ಹವೆಯಿರುವ ರಾತ್ರಿಯೇ ಅಪಾಯದ ರಾತ್ರಿ. ಹಗಲು ಕಾದ ನೆಲ ಕತ್ತಲಾದ ಮೇಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತ ಹೋಗುತ್ತದೆ. ಮೋಡವಿದ್ದರೆ ಅದರಲ್ಲೊಂದಷ್ಟು ಹಿಂದಿರುಗುತ್ತದೆ, ಗಾಳಿಯಿದ್ದರೆ ಮೇಲಿನ ಬೆಚ್ಚನೆಯ ಹವೆ ಕೆಳಗಿನದರೊಂದಿಗೆ ಬೆರೆಯುತ್ತದೆ, ಎರಡೂ ಇಲ್ಲದಿದ್ದರೆ ನೆಲಕ್ಕೆ ತಾಗಿದ ಹವೆ ಎಲ್ಲಕ್ಕಿಂತ ಹೆಚ್ಚು ತಣ್ಣಗಾಗುತ್ತದೆ. ಹವಾಮಾನ ಕೇಂದ್ರಗಳ ಥರ್ಮಾಮೀಟರ್ ನೆಲದಿಂದ ಸುಮಾರು ಐದಾರು ಅಡಿ ಎತ್ತರದಲ್ಲಿರುತ್ತದೆ. ಮುನ್ಸೂಚನೆಯಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್ ಎಂದಿದ್ದರೂ ಟೊಮೆಟೊ ಸಸಿ ನಿಂತಿರುವ ಅರ್ಧ ಅಡಿ ಎತ್ತರದಲ್ಲಿ ನೀರು ಹೆಪ್ಪುಗಟ್ಟುವ 32 ಡಿಗ್ರಿ ಆಗಿರಬಹುದು. ರಾಷ್ಟ್ರೀಯ ಹವಾಮಾನ ಸೇವೆ 33ರಿಂದ 36 ಡಿಗ್ರಿಗೇ ಫ್ರಾಸ್ಟ್ ಅಡ್ವೈಸರಿ ಹೊರಡಿಸುವುದು ಈ ಕಾರಣಕ್ಕೆ. ಮೊಬೈಲಿನ ಅಂಕಿಯನ್ನೊಂದೇ ನಂಬದೆ, ರಾತ್ರಿಯ ಕನಿಷ್ಠ ತಾಪಮಾನವನ್ನು ದಾಖಲಿಸುವ ಅಗ್ಗದ ಥರ್ಮಾಮೀಟರ್ ಒಂದನ್ನು ಗಿಡದ ಮಟ್ಟದಲ್ಲೇ ಇಡಿ. ತಂಪು ಹವೆ ಭಾರವಾದದ್ದು, ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ಇಳಿಜಾರಿನ ತುದಿಯಲ್ಲಿ ಸಂದಿಯಿಲ್ಲದ ಮರದ ಬೇಲಿಯಿದ್ದರೆ ಅಲ್ಲೇ ತಂಗುತ್ತದೆ. ಹಿತ್ತಲಿನ ಆ ಮೂಲೆಯಲ್ಲಿ ಪೀಚ್ ನೆಡಬೇಡಿ.

ಜೋರು ಗಾಳಿಯೊಡನೆ ಉತ್ತರದಿಂದ ಶೀತಲ ಹವೆಯೇ ನುಗ್ಗಿಬಂದರೆ ಅದು ಬೇರೆ ಬಗೆಯ ಚಳಿ. ಅಂಥ ರಾತ್ರಿ ಹೊದಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಳಗೆ ತರಬಹುದಾದ ಕುಂಡಗಳನ್ನು ತಂದು ಮಲಗಿ.

ಮಧ್ಯಾಹ್ನವೇ ನೀರು

ಬುಡದ ಮಣ್ಣಿಗೆ ಮಧ್ಯಾಹ್ನದೊಳಗೆ ಚೆನ್ನಾಗಿ ನೀರು ಹಾಯಿಸಿ, ಎಲೆಗಳಿಗೆ ಬೇಡ. ಹಸಿ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬುಡಕ್ಕೆ ಹುಲ್ಲು, ಮರದ ಚಕ್ಕೆಗಳನ್ನು ಹರಡಿದ್ದರೆ ಬಿಸಿಲಿರುವಾಗಲೇ ಪಕ್ಕಕ್ಕೆ ಸರಿಸಿ, ಏಕೆಂದರೆ ಅವು ಹಗಲು ಮಣ್ಣು ಕಾಯುವುದನ್ನೂ ರಾತ್ರಿ ಆ ಶಾಖ ಗಿಡಕ್ಕೆ ತಲುಪುವುದನ್ನೂ ತಡೆಯುತ್ತವೆ. ಮರದಡಿಯ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ.

ಹೊದಿಕೆ

ಎಲ್ಲರೂ ಎಡವುವುದು ಇಲ್ಲಿ. ನಾವು ಕಂಬಳಿ ಹೊದ್ದರೆ ಬೆಚ್ಚಗಾಗುವುದು ನಮ್ಮ ಮೈ ಶಾಖ ಉತ್ಪಾದಿಸುವುದರಿಂದ. ಗಿಡಕ್ಕೆ ಹಾಗೆ ಹೇಳಿಕೊಳ್ಳುವಂಥ ಶಾಖವಿಲ್ಲ. ಹೊದಿಕೆಯ ಕೆಲಸ ಗಿಡವನ್ನು ಸುತ್ತುವುದಲ್ಲ, ಮಣ್ಣಿನಿಂದ ಮೇಲೇಳುವ ಶಾಖವನ್ನು ಗಿಡದ ಸುತ್ತ ಹಿಡಿದಿಡುವುದು. ಇದೊಂದು ಮನಸ್ಸಿನಲ್ಲಿದ್ದರೆ ಉಳಿದೆಲ್ಲ ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ನಾನು ಮತ್ತೆ ಮತ್ತೆ ಕಂಡಿರುವ ದೃಶ್ಯವೆಂದರೆ, ಆಳೆತ್ತರದ ಪೀಚ್ ಗಿಡದ ತಲೆಗೆ ಹಾಸಿಗೆಯ ಚಾದರ ಹೊದಿಸಿ, ಅದರ ಅಂಚನ್ನೆಲ್ಲ ಒಟ್ಟುಮಾಡಿ ಕಾಂಡಕ್ಕೆ ಹಗ್ಗದಿಂದ ಬಿಗಿದಿರುವುದು. ನೋಡಲು ಅಚ್ಚುಕಟ್ಟು; ಆದರೆ ಕೊಂಬೆಗಳಿಗೂ ನೆಲಕ್ಕೂ ಇದ್ದ ಸಂಬಂಧವನ್ನೇ ಆ ಗಂಟು ಕಡಿದುಹಾಕಿದೆ. ನೆಲದ ಶಾಖ ಚಾದರದ ಹೊರಗಿನಿಂದಲೇ ಮೇಲೆ ಹೋಗುತ್ತದೆ, ಒಳಗಿನ ಹೂವು ಹೊರಗಿನಷ್ಟೇ ತಣ್ಣಗಾಗುತ್ತದೆ. ಬಾಯಿಗೆ ಲಾಡಿ ಪೋಣಿಸಿದ ಚೀಲಗಳನ್ನು ಗಿಡದ ಅಂಗಿಗಳೆಂದು ಮಾರುತ್ತಾರಲ್ಲ, ಅವುಗಳ ಪೊಟ್ಟಣದ ಚಿತ್ರದಲ್ಲಿ ತೋರಿಸುವುದೂ ಇದೇ ತಪ್ಪನ್ನು. ಅಂಥದ್ದು ಮನೆಯಲ್ಲಿದ್ದರೆ ಲಾಡಿ ಬಿಚ್ಚಿ, ಬಾಯಿಯನ್ನು ನೆಲದವರೆಗೆ ಅಗಲಿಸಲು ಬರುವಂತಿದ್ದರೆ ಮಾತ್ರ ಬಳಸಿ.

ಸರಿಯಾದ ಕ್ರಮ ಹೀಗಿದೆ. ಸಾಲಿನ ಎರಡೂ ಬದಿಗೆ ಸಸಿಗಿಂತ ಅರ್ಧ ಅಡಿಯಾದರೂ ಎತ್ತರದ ಗೂಟಗಳನ್ನು ನೆಟ್ಟು, ಮೇಲೆ ಹಗ್ಗ ಎಳೆಯಿರಿ. ಟೊಮೆಟೊಗೆ ಮುಂದೆ ಹೇಗೂ ಬೇಕಾಗುವ ತಂತಿಯ ಪಂಜರವನ್ನು ಈಗಲೇ ಇಟ್ಟರೆ ಅದೇ ಸಾಕು. ಬಟ್ಟೆಯನ್ನು ಅದರ ಮೇಲೆ ಹಾಸಿ ಎಲ್ಲ ಬದಿಯಲ್ಲೂ ನೆಲ ಮುಟ್ಟುವಂತೆ, ಸಾಧ್ಯವಾದರೆ ಬುಡದಿಂದ ಒಂದಡಿ ಆಚೆಗೆ ಹರಡುವಂತೆ ಬಿಟ್ಟು, ಅಂಚಿಗೆ ಕಲ್ಲು, ಇಟ್ಟಿಗೆ, ಮರದ ತುಂಡು ಏನಾದರೂ ಹೇರಿ. ಒಳಗೆ ಸೇರುವ ನೆಲದ ವಿಸ್ತಾರ ಹೆಚ್ಚಿದಷ್ಟೂ ಒಳ್ಳೆಯದು. ಬಟ್ಟೆ ಎಲೆಗೆ ತಾಗಿದ ಜಾಗದಲ್ಲಿ ಶಾಖ ನೇರವಾಗಿ ಹೊರಹೋಗುತ್ತದೆ. ಬೆಳಗ್ಗೆ ಆ ಎಲೆಗಳು ಮಾತ್ರ ಕಪ್ಪಾಗಿರುವುದನ್ನು ಕಾಣಬಹುದು.

ಹೊತ್ತು ಮುಳುಗುವ ಮುನ್ನವೇ ಹೊದಿಸಬೇಕು. ರಾತ್ರಿ ಊಟ ಮುಗಿಸಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೊರಡುವ ವೇಳೆಗೆ ಮಣ್ಣು ತನ್ನ ಶಾಖದ ಒಳ್ಳೆಯ ಪಾಲನ್ನು ಬಿಟ್ಟುಕೊಟ್ಟಿರುತ್ತದೆ. ಹಾಗೆಂದು ಮಧ್ಯಾಹ್ನದ ಬಿಸಿಲಿಗೇ ಮುಚ್ಚಿದರೆ ಮಣ್ಣು ಕಾಯುವುದಿಲ್ಲ. ಸೂರ್ಯಾಸ್ತಕ್ಕೆ ಒಂದು ಗಂಟೆಯಿರುವಾಗ ಕೆಲಸ ಹಿಡಿಯಿರಿ.

ಯಾವ ಬಟ್ಟೆ? ಹಳೆಯ ಚಾದರ ಒಳ್ಳೆಯದು. ಅಟ್ಟದಲ್ಲಿ ಉಳಿದ ಹತ್ತಿ ಸೀರೆ ಇನ್ನೂ ಒಳ್ಳೆಯದು, ಐದೂವರೆ ಮೀಟರ್ ಉದ್ದದ ಒಂದೇ ಸೀರೆ ಒಂದು ಸಾಲಿಗೆ ಸಾಕು, ಎರಡು ಪದರವಾಗಿ ಹಾಕಿದರೆ ಮತ್ತೂ ಉತ್ತಮ. ಮಳೆ ಬಂದರೆ ಮಾತ್ರ ತೊಯ್ದು ಭಾರವಾಗಿ ಗಿಡದ ಮೇಲೆ ಕುಸಿಯುತ್ತದೆ. ಕೊಳ್ಳುವುದಾದರೆ ರೋ ಕವರ್ ಎಂಬ ಬಿಳಿಯ ನಾರಿನ ಬಟ್ಟೆಯನ್ನು ಕೊಳ್ಳಿ, ಆದರೆ ಅದರ ತೂಕ ಓದದೆ ಹಣ ಕೊಡಬೇಡಿ. ಚದರ ಮೀಟರಿಗೆ 17 ಗ್ರಾಂ ತೂಗುವ ತೆಳ್ಳನೆಯದು ಕೀಟ ತಡೆಯಲು ಚೆನ್ನ, ಚಳಿಗೆ ಎರಡು ಮೂರು ಡಿಗ್ರಿ ಫ್ಯಾರನ್‌ಹೀಟಿನಷ್ಟೇ ಆಸರೆ. 50 ಗ್ರಾಂನದು ಆರರಿಂದ ಎಂಟು ಡಿಗ್ರಿಯವರೆಗೆ ಕಾಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ತೆಳುವಾದ ಪ್ಲಾಸ್ಟಿಕ್ ಶಾಖವನ್ನು ಹೊರಹೋಗಲು ಬಿಡುತ್ತದೆ, ಮುಟ್ಟಿದ ಎಲೆಯನ್ನು ಕೊಲ್ಲುತ್ತದೆ, ಬೆಳಗ್ಗೆ ತೆಗೆಯಲು ತಡವಾದರೆ ಉಳಿದ ಗಿಡವನ್ನು ಬೇಯಿಸುತ್ತದೆ. ಎಲೆಗೆ ಸಿಂಪಡಿಸಿದರೆ ಚಳಿ ತಟ್ಟದು ಎಂದು ಬಾಟಲಿಗಳಲ್ಲಿ ಮಾರುವ ದ್ರವಗಳ ಹಣದಲ್ಲಿ ಎರಡು ಒಳ್ಳೆಯ ರೋ ಕವರ್ ಬರುತ್ತವೆ.

ತೀರಾ ಚಳಿಯ ರಾತ್ರಿಗೆ ಹೊದಿಕೆಯ ಒಳಗೆ ಹಾಲಿನ ಗ್ಯಾಲನ್ ಡಬ್ಬಿಗಳಲ್ಲಿ ನೀರು ತುಂಬಿಸಿ ಇಡಬಹುದು. ಹಗಲೆಲ್ಲ ಬಿಸಿಲಿನಲ್ಲಿ ಕಾದಿರಲಿ. ಹಳೆಯ ಕಾಲದ, ಮುಟ್ಟಿದರೆ ಬಿಸಿಯಾಗುವ ಕ್ರಿಸ್‌ಮಸ್ ಬಲ್ಬಿನ ಸರವೂ ಗಿಡ್ಡ ಮರಗಳಿಗೆ ಉಪಕಾರಿ, ಅದು ಹೊರಾಂಗಣಕ್ಕೆಂದೇ ಮಾಡಿದ್ದಾಗಿರಬೇಕು, ಬಲ್ಬು ಬಟ್ಟೆಗೆ ತಾಗಬಾರದು. ಎಲ್‌ಇಡಿ ಸರದಿಂದ ಬೆಳಕು ಬರುತ್ತದೆ, ಗಿಡಕ್ಕೆ ಸಾಲುವಷ್ಟು ಶಾಖ ಬರುವುದಿಲ್ಲ. ಬಟ್ಟೆಯ ಕೆಳಗೆ ಮೇಣದಬತ್ತಿ ಹಚ್ಚಿಡುವ ಸಾಹಸ ಖಂಡಿತ ಬೇಡ. ಊರಿನ ನೆನಪಿನಲ್ಲಿ ಕಸ ಸುಟ್ಟು ಹೊಗೆ ಹಾಕುವುದೂ ವ್ಯರ್ಥ: ನೆಲದಿಂದ ಹೊರಡುವ ಶಾಖದ ವಿಕಿರಣವನ್ನು ಹೊಗೆ ಅಷ್ಟಾಗಿ ತಡೆಯುವುದಿಲ್ಲ, ನೆರೆಯವರು ಮಾತ್ರ ಅಗ್ನಿಶಾಮಕ ದಳಕ್ಕೆ ಕರೆ ಮಾಡುತ್ತಾರೆ.

ದೊಡ್ಡ ಮರಗಳು ಮತ್ತು ನೀರಿನ ಆಸೆ

ಹತ್ತಡಿ ಮೀರಿದ ಮರಕ್ಕೆ ಹೊದಿಕೆ ಹಾಕಲು ಏಣಿ ಹತ್ತಬೇಡಿ. ಮರ ಯಾವ ಘಟ್ಟದಲ್ಲಿದೆ ಎಂಬುದನ್ನು ನೋಡಿ. ಸೇಬಿನ ಮೊಗ್ಗು ಹಸಿರು ತುದಿ ತೋರಿಸುವ ಘಟ್ಟದಲ್ಲಿ 18 ಡಿಗ್ರಿ ಫ್ಯಾರನ್‌ಹೀಟಿನವರೆಗೂ ಹೆಚ್ಚು ಹಾನಿಯಿಲ್ಲ. ಹೂ ಪೂರ್ತಿ ಅರಳಿದ ಮೇಲೆ 28 ಡಿಗ್ರಿಯಲ್ಲಿ ಅರ್ಧ ಗಂಟೆ ಇದ್ದರೆ ಸುಮಾರು ಹತ್ತನೇ ಒಂದು ಭಾಗ ಸಾಯುತ್ತದೆ, 25 ಡಿಗ್ರಿಗೆ ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಅರಳಿದ ಪೀಚ್ ಹೂವಿಗೆ ಈ ಅಂಕಿಗಳು 27 ಮತ್ತು 24. ಮೂರೇ ಡಿಗ್ರಿಗಳ ಅಂತರ. ಹಾಗಾಗಿ 31 ಡಿಗ್ರಿಯ ರಾತ್ರಿ ಟೊಮೆಟೊಗೆ ಮಾರಕವಾದರೂ ಸೇಬಿನ ಮರದ ಬಗ್ಗೆ ನಿದ್ದೆಗೆಡಬೇಕಿಲ್ಲ. ಎಲ್ಲರಿಗಿಂತ ಮೊದಲು ಹೂ ಬಿಟ್ಟು ಪ್ರತಿಸಲ ಚಳಿಗೆ ಸಿಗುವ ಏಪ್ರಿಕಾಟನ್ನು ಈ ಸೀಮೆಯಲ್ಲಿ ನೆಡಲೇಬೇಡಿ ಎಂಬುದು ನನ್ನ ಸಲಹೆ.

ವಾಣಿಜ್ಯ ತೋಟಗಳಲ್ಲಿ ರಾತ್ರಿಯೆಲ್ಲ ನೀರು ಚಿಮುಕಿಸಿ ಹೂಗಳನ್ನು ಮಂಜುಗಡ್ಡೆಯಲ್ಲಿ ಮುಚ್ಚುವ ಚಿತ್ರಗಳನ್ನು ನೋಡಿ, ಅಂಗಳದ ಸ್ಪ್ರಿಂಕ್ಲರನ್ನು ಮರಕ್ಕೆ ತಿರುಗಿಸುವವರಿದ್ದಾರೆ. ಅದರ ಹಿಂದಿನ ಲೆಕ್ಕ ತಿಳಿದಿರಲಿ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ, ಅದೇ ಒಂದು ಗ್ರಾಂ ಆವಿಯಾಗುವಾಗ ಸುಮಾರು 600 ಕ್ಯಾಲೊರಿ ಕಸಿದುಕೊಳ್ಳುತ್ತದೆ. ಹೆಪ್ಪುಗಟ್ಟುವ ನೀರು ಎಡೆಬಿಡದೆ ಬೀಳುತ್ತಿರುವವರೆಗೆ ಮಾತ್ರ ಲಾಭ. ನೀರು ಕಡಿಮೆಯಾದರೆ, ಅಥವಾ ನಸುಕಿನಲ್ಲಿ ಸಾಕೆಂದು ನಿಲ್ಲಿಸಿದರೆ, ನೀರು ಹಾಕದ ಮರಕ್ಕಿಂತ ಹೆಚ್ಚು ಹಾನಿಯಾಗುತ್ತದೆ. ಜೊತೆಗೆ ಮಂಜುಗಡ್ಡೆಯ ಭಾರಕ್ಕೆ ಕೊಂಬೆಗಳು ಸೀಳುತ್ತವೆ. ಮನೆಯ ನಲ್ಲಿಯಿಂದ ಇದು ಆಗುವ ಕೆಲಸವಲ್ಲ.

ಬೆಳಗ್ಗೆ

ಬಿಸಿಲು ಬಿದ್ದು ಬಟ್ಟೆಯ ಮೇಲಿನ ಬಿಳುಪು ಕರಗಿದೊಡನೆ ಹೊದಿಕೆ ತೆಗೆಯಿರಿ. ಮಣ್ಣು ಮತ್ತೆ ಕಾಯಬೇಕು, ಹೂಗಳಿಗೆ ಜೇನುಹುಳು ಬರಬೇಕು. ಬಟ್ಟೆಯನ್ನು ಒಣಗಿಸಿ ಕೈಗೆ ಸಿಗುವಲ್ಲಿಡಿ. ಇಂಥ ರಾತ್ರಿಗಳು ಜೋಡಿಯಾಗಿ ಬರುವುದು ಹೆಚ್ಚು.

ಹಾನಿಯನ್ನು ಅಳೆಯುವುದು

ಆ ಬೆಳಗ್ಗೆಯೇ ಕತ್ತರಿ ಹಿಡಿಯಬೇಡಿ. ಹಣ್ಣಿನ ಮರದ ಹೂದಳಗಳು ಬೆಳ್ಳಗೆ ಚೆಲುವಾಗಿಯೇ ಇದ್ದು ಒಳಗಿನ ಅಂಡಾಶಯ ಸತ್ತಿರಬಹುದು. ಹಿತ್ತಲು ಬೆಚ್ಚಗಾದ ಮೇಲೆ, ಮಧ್ಯಾಹ್ನವೋ ಮರುದಿನವೋ, ಬೇರೆ ಬೇರೆ ಎತ್ತರದಿಂದ ಕೆಲವು ಹೂಗಳನ್ನು ಕಿತ್ತು, ಬ್ಲೇಡಿನಿಂದ ದಳಗಳ ಕೆಳಗಿನ ಉಬ್ಬಿದ ಭಾಗವನ್ನು ಅಡ್ಡಡ್ಡಲಾಗಿ ಸೀಳಿ. ನಡುಭಾಗ ತಿಳಿಹಸಿರಾಗಿದ್ದರೆ ಕಾಯಿ ಕಟ್ಟುತ್ತದೆ, ಕಂದು ಅಥವಾ ಕಪ್ಪು ಚುಕ್ಕೆಯಾಗಿದ್ದರೆ ಆ ಹೂ ಮುಗಿದಂತೆ. ಸೇಬಿನ ಗೊಂಚಲಿನಲ್ಲಿ ನಡುವಿನ ಹೂ ಮೊದಲು ಅರಳುವುದರಿಂದ ಮೊದಲು ಸಾಯುವುದೂ ಅದೇ, ಸುತ್ತಲಿನ ಮೊಗ್ಗುಗಳು ಉಳಿದಿರುವ ಸಂಭವವುಂಟು. ಹೂ ತುಂಬಿದ ಸೇಬಿನ ಮರದಲ್ಲಿ ಹತ್ತರಲ್ಲೊಂದು ಹೂ ಕಾಯಿ ಕಟ್ಟಿದರೂ ಅದು ಪೂರ್ಣ ಫಸಲೇ. ಅರ್ಧ ಹೂ ಹೋಯಿತೆಂದರೆ ಕಾಯಿ ವಿರಳಗೊಳಿಸುವ ನಿಮ್ಮ ಕೆಲಸದ ಒಂದು ಭಾಗವನ್ನು ಚಳಿಯೇ ಮಾಡಿತು. ಮುಂದೆ ಹಣ್ಣಿನ ಮೇಲೆ ಕಂದು ಬಣ್ಣದ ಒರಟು ಪಟ್ಟಿ ಮೂಡಿದರೆ ಅದು ಚಳಿಯ ಗಾಯವಷ್ಟೇ, ತಿನ್ನಲು ಅಡ್ಡಿಯಿಲ್ಲ.

ಟೊಮೆಟೊ ಸಸಿಯ ತಲೆ ಕಪ್ಪಾಗಿ ಕಾಂಡದ ಕೆಳಭಾಗ ಹಸಿರಾಗಿದ್ದರೆ ಒಂದು ವಾರ ಕಾಯಿರಿ, ಎಲೆಯ ಕಂಕುಳಿನಿಂದ ಹೊಸ ಚಿಗುರು ಬರುತ್ತದೆ. ಆದರೂ ಬೇರೆ ಸಸಿ ಸಿಗುವಂತಿದ್ದರೆ ಅದನ್ನೇ ನೆಡಿ, ಫಸಲು ಬೇಗ ಬರುತ್ತದೆ. ಆಲೂಗಡ್ಡೆ ನೆಲದೊಳಗಿನಿಂದ ಮತ್ತೆ ಚಿಗುರುತ್ತದೆ. ಜೋಳದ ಎಳೆ ಸಸಿಯ ಕುಡಿ ಮಣ್ಣಿನೊಳಗೇ ಇರುವುದರಿಂದ ಅದೂ ಚೇತರಿಸಿಕೊಳ್ಳುತ್ತದೆ. ಹುರುಳಿಕಾಯಿ ಸಸಿಯ ಕುಡಿ ಮಣ್ಣಿನ ಮೇಲಿರುತ್ತದೆ. ಅದು ಸುಟ್ಟರೆ ಮತ್ತೆ ಬೀಜ ಬಿತ್ತುವುದೇ ಸರಿ. ದ್ರಾಕ್ಷಿಗೆ ಮುಖ್ಯ ಮೊಗ್ಗಿನ ಬದಿಯಲ್ಲೇ ಮೀಸಲು ಮೊಗ್ಗುಗಳಿದ್ದು, ಕಡಿಮೆಯಾದರೂ ಒಂದಷ್ಟು ಫಸಲು ಬರುತ್ತದೆ. ಪೀಚ್‌ಗೆ ಆ ಸೌಲಭ್ಯವಿಲ್ಲ. ಹೂವೆಲ್ಲ ಸತ್ತ ಪೀಚ್ ಮರ ಕಾಯಿಯ ಭಾರವಿಲ್ಲದೆ ಕೊಂಬೆಗಳನ್ನೇ ಬೆಳೆಸತೊಡಗುವುದರಿಂದ, ಆ ವರ್ಷ ಸಾರಜನಕದ ಗೊಬ್ಬರ ಕೊಡಬೇಡಿ; ಬೇಸಿಗೆಯಲ್ಲಿ ನೆಟ್ಟಗೆ ಮೇಲೇಳುವ ಬಿರುಸಿನ ಚಿಗುರುಗಳನ್ನು ಬುಡದಲ್ಲೇ ಕತ್ತರಿಸಿ, ರೋಗ ತಡೆಯುವ ಸಿಂಪಡಣೆಯನ್ನು ಮಾತ್ರ ಎಲೆಗಳಿಗೆ ಬೇಕಾದಷ್ಟಕ್ಕೆ ಮುಂದುವರಿಸಿ.