ಹೆಸರು ಬಿಟ್ಟು ನಂಬರ್ ಹಿಡಿದೆ, ಆಸ್ಕರಿ ಸಿಕ್ಕರು

ಮೊದಲ ಮಹಾಯುದ್ಧದ ಆಸ್ಕರಿಗಳ (ಬ್ರಿಟಿಷರ ಪೂರ್ವ ಆಫ್ರಿಕಾ ಪಡೆಯ ಆಫ್ರಿಕನ್ ಸಿಪಾಯಿಗಳ) ಸೇವಾ ದಾಖಲೆ ಹುಡುಕಬೇಡಿ, ಸುಮ್ನೆ ದುಡ್ಡು ದಂಡ ಅಂತ ನನಗೆ ಬುದ್ಧಿ ಹೇಳದವರೇ ಇಲ್ಲ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಆರ್ಕೈವ್ಸ್‌ನಲ್ಲಿ ವರ್ಷಗಟ್ಟಲೆ ಕೂತವರೂ ಅದನ್ನೇ ಹೇಳಿದರು. ಈಗ ಹೇಳ್ತೀನಿ ಕೇಳಿ: ಸಿಗುತ್ತೆ. ಆ ಪಡೆಯ, ಅಂದರೆ ಕಿಂಗ್ಸ್ ಆಫ್ರಿಕನ್ ರೈಫಲ್ಸ್‌ನ (ಕೆಎಆರ್) 3ನೇ ರೆಜಿಮೆಂಟಿನ ಒಬ್ಬ ಆಸ್ಕರಿ ಹೆಚ್ಚುಕಮ್ಮಿ ಯಾವಾಗ ಸೇರಿದರು, ಯಾವ ಕಾಳಗದಲ್ಲಿ ಗಾಯಗೊಂಡರು ಎಂಬುದು ಈಗ ನನ್ನ ಕೈಲಿದೆ. ಫೈಲು ಸಿಗಲಿಲ್ಲ ನಿಜ. ಆದರೆ ಫೈಲು ಹೇಳುವಷ್ಟನ್ನೂ ಬೇರೆ ಕಾಗದಗಳಿಂದ ಹೇಳಿಸಿದೆ.

ಅವರು ನನ್ನ ಜೊತೆ ಲಂಡನ್ನಿನಲ್ಲಿ ಕೆಲಸ ಮಾಡುವ ಕೀನ್ಯಾದ ಗೆಳೆಯನ ಮುತ್ತಜ್ಜ. ಊರು ಕೀನ್ಯಾದ ಕಪ್ಸಬೆಟ್ ಕಡೆ, ನಂದಿ ಎಂಬ ಬುಡಕಟ್ಟಿನವರು. ಮನೆಯಲ್ಲಿ ಉಳಿದಿದ್ದು ಆ ಯುದ್ಧದ ಸೇವೆಗೆ ಕೊಟ್ಟ ಒಂದೇ ಒಂದು ಬ್ರಿಟಿಷ್ ವಾರ್ ಮೆಡಲ್. ರಿಬ್ಬನ್ ಇಲ್ಲ, ಕೊಂಡಿ ಮುರಿದಿದೆ.

ಮೊದಲು ಎಲ್ಲರ ಹಾಗೆ ಹೆಸರಿನಿಂದಲೇ ಹೊರಟೆ. ನಂದಿ ಜನರಲ್ಲಿ ಹುಟ್ಟಿದಾಗ ಒಂದು ಹೆಸರು, ದೀಕ್ಷೆ ಆದಮೇಲೆ ಅಪ್ಪನ ಹೆಸರಿಗೆ ಮೊದಲು 'ಅರಪ್' (ಅಂದರೆ 'ಮಗ') ಸೇರಿ ಇನ್ನೊಂದು. ಬರೆದುಕೊಂಡ ಗುಮಾಸ್ತನಿಗೆ ಆ ಭಾಷೆ ಗೊತ್ತಿಲ್ಲ. ಕಿವಿಗೆ ಬಿದ್ದಂತೆ ಗೀಚಿದ್ದಾನೆ. ಹತ್ತಾರು ರೀತಿಯ ಸ್ಪೆಲ್ಲಿಂಗ್ ಹಾಕಿ ಮೆಡಲ್ ಪಡೆದವರ ಹೆಸರಿನ ಕಾರ್ಡುಗಳಲ್ಲಿ ಹುಡುಕಿದೆ, ಒಂದೂ ಇಲ್ಲ. ಆಮೇಲೆ ನೈರೋಬಿಯಲ್ಲಿ ಒಬ್ಬರಿಗೆ ಹಣ ಕೊಟ್ಟು ಹುಡುಕಿಸಿದೆ. ನೂರೈವತ್ತು ಪೌಂಡ್ ಆಸುಪಾಸು ಹೋಯಿತು. ಬಂದದ್ದು ಜಿಲ್ಲಾ ವರದಿಗಳ ಮಸುಕು ಫೋಟೋಗಳು. ಈ ವರ್ಷ ಇಷ್ಟು ಜನ ಸೇರಿದರು ಅಂತ ಲೆಕ್ಕ ಇದೆ, ಒಬ್ಬನ ಹೆಸರೂ ಇಲ್ಲ. ಗೆಳೆಯನ ಮುಖ ನೋಡಲು ಕಷ್ಟ ಆಯಿತು.

ಆಗ ಮೆಡಲ್ಲಿಗೇ ವಾಪಸ್ ಬಂದೆ. ಅಂಚಿನಲ್ಲಿ ನಂಬರ್, ಹೆಸರು, ರೆಜಿಮೆಂಟ್ ಅಚ್ಚಾಗಿರುತ್ತೆ ಅಲ್ವಾ. ಆದರೆ ಮೂರು ತಲೆಮಾರು ಉಜ್ಜಿ ಉಜ್ಜಿ ಬೆಳ್ಳಿ ಸವೆದಿತ್ತು. ನಂಬರಿನ ಮೂರನೇ ಅಂಕಿ 3 ಅಥವಾ 8, ಯಾವುದೆಂದು ತಿಳಿಯುತ್ತಿರಲಿಲ್ಲ. ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ಅಂಚಿಗೆ ಹೆಚ್ಚುಕಮ್ಮಿ ತಾಗುವಷ್ಟು ಓರೆಯಾಗಿ ಹಿಡಿದು, ಎಡದಿಂದ ಒಂದು, ಬಲದಿಂದ ಒಂದು, ಕೆಳಗಿನಿಂದ ಒಂದು ಫೋಟೋ ತೆಗೆದೆ. ಎಡದ ಬೆಳಕಿನಲ್ಲಿ ಅಂಕಿಯ ಎಡಬದಿ ನೆರಳೇ ಬೀಳಲಿಲ್ಲ. ಅಂದರೆ ಅಲ್ಲಿ ಅಚ್ಚೇ ಬಿದ್ದಿಲ್ಲ. 3 ಅಂತ ಖಾತ್ರಿ ಆಯಿತು. ಮೆಡಲ್ಲಿಗೆ ಪಾಲಿಶ್ ಮಾತ್ರ ಹಚ್ಚಬೇಡಿ, ದಯವಿಟ್ಟು.

ಇಲ್ಲಿಂದ ಮುಂದಿನದು ನನ್ನದೇ ದಾರಿ. ಒಬ್ಬರನ್ನು ಹುಡುಕುವುದು ಬಿಟ್ಟು ಇಡೀ ರೆಜಿಮೆಂಟಿನ ನಂಬರ್ ಪಟ್ಟಿ ಕಟ್ಟಲು ಕೂತೆ. ಲಂಡನ್ ಗೆಜೆಟ್‌ನ ಶೌರ್ಯ ಪದಕಗಳು, ಆಫ್ರಿಕಾ ಜನರಲ್ ಸರ್ವಿಸ್ ಮೆಡಲ್ ಪಡೆದವರ ಪಟ್ಟಿಗಳು (ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ 100 ಸರಣಿ), ಕೆಎಆರ್ ಪತ್ರವ್ಯವಹಾರದ ಸಿಒ 534 ಸರಣಿ, ವಾರ್ ಡೈರಿಗಳ (ಪಡೆಗಳು ದಿನದಿನವೂ ಬರೆದಿಟ್ಟ ದಿನಚರಿಗಳ) ಕೊನೆಗೆ ಅಂಟಿಸಿದ ಹಾಳೆಗಳು. ಹರಾಜಿನವರ ಹಳೇ ಕ್ಯಾಟಲಾಗುಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ, ಅವುಗಳಲ್ಲಿ ಅಂಚಿನ ಬರಹ ಇದ್ದ ಹಾಗೇ ಇರುತ್ತೆ. ನಂಬರ್ ಜೊತೆ ತಾರೀಖು ಸಿಕ್ಕಿದ್ದನ್ನೆಲ್ಲ ಸಾಲಾಗಿ ಜೋಡಿಸಿದೆ. ಮುನ್ನೂರು ದಾಟಿದಮೇಲೆ ಚಿತ್ರ ತಾನಾಗಿ ಮೂಡಿತು: ತಡವಾಗಿ ಸೇರಿದಷ್ಟೂ ನಂಬರ್ ದೊಡ್ಡದು.

ಯಾಕೆ ಅಂದರೆ 1914ರಲ್ಲಿ ಕೆಎಆರ್ ಬರೀ ಮೂರು ಬೆಟಾಲಿಯನ್, ಎರಡು ಸಾವಿರ ಚಿಲ್ಲರೆ ಆಸ್ಕರಿಗಳು. ಯುದ್ಧ ಮುಗಿಯುವಾಗ 22 ಬೆಟಾಲಿಯನ್, ಮೂವತ್ತು ಸಾವಿರ ಜನ. ಈ ಏರಿಕೆ ಬಹುತೇಕ 1916ರಿಂದ ಈಚೆಗೆ ಆದದ್ದು. ಹಾಗಾಗಿ ಒಬ್ಬರ ನಂಬರ್ ಯಾವ ಎರಡು ನಂಬರುಗಳ ನಡುವೆ ಕೂರುತ್ತೆ ಅಂತ ನೋಡಿದರೆ ಸೇರಿದ ಕಾಲ ಕೆಲವೇ ತಿಂಗಳ ಅಂತರಕ್ಕೆ ಬಂದು ನಿಲ್ಲುತ್ತೆ. ಒಂದು ಎಚ್ಚರ: 3ನೇ ರೆಜಿಮೆಂಟಿನ ನಂಬರೇ 4ನೇ ರೆಜಿಮೆಂಟಿನಲ್ಲಿ ಬೇರೆಯವರಿಗೆ ಇರುತ್ತೆ. ಒಂದೇ ರೆಜಿಮೆಂಟಿನೊಳಗೆ ಅದೇ ನಂಬರ್ ಎರಡು ಸಲ ಬಂದರೆ ಬೇರ್ಪಡಿಸಲೂ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ತೀನಿ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ನಂದಿ ಜನ ವಯಸ್ಸನ್ನು ಇಸವಿಯಲ್ಲಿ ಹೇಳಲ್ಲ, ವಯೋಬಳಗದಲ್ಲಿ (ಒಂದೇ ಕಾಲದಲ್ಲಿ ದೀಕ್ಷೆ ಪಡೆದವರ ಗುಂಪು) ಹೇಳ್ತಾರೆ: ಮೈನಾ, ಚುಮೊ, ಸಾವೆ, ಕಿಪ್ಕೊಯಿಮೆಟ್, ಕಪ್ಲೆಲಾಚ್, ಕಿಮ್ನ್ಯಿಗೆ, ನ್ಯೊಂಗಿ. ಊರಿನ ಅಜ್ಜಿಗೆ ಫೋನ್ ಮಾಡಿಸಿ ಮುತ್ತಜ್ಜನ ಬಳಗ ಕೇಳಿಸಿದೆ. ಯುದ್ಧದ ಹೊತ್ತಿಗೆ ಹದಿಹರೆಯ ದಾಟಿದವರ ಬಳಗ ಅಂತ ತಿಳಿಯಿತು, ಪಟ್ಟಿಗೆ ಹೊಂದಿತು. ಕೈಬರಹ ಓದುವ ಸಾಫ್ಟ್‌ವೇರ್‌ನೂ ನೋಡಿದೆ. ವಾರ್ ಡೈರಿಯ ನೇರಳೆ ಪೆನ್ಸಿಲ್ ಮಳೆಯಲ್ಲಿ ನೆಂದು ಹರಡಿರುತ್ತೆ. ಅಂಥ ಹಾಳೆಗೆ ಕಣ್ಣೇ ಗತಿ.

ಹುಡುಕುತ್ತಾ ನಮ್ಮೂರೂ ಅಡ್ಡ ಬಂತು. 1914ರ ನವೆಂಬರಿನಲ್ಲಿ ಜರ್ಮನರ ಕೈಲಿದ್ದ ಟಾಂಗಾ ಬಂದರಿನಲ್ಲಿ (ಈಗಿನ ಟಾಂಜಾನಿಯಾ) ಇಳಿದು ಸೋತು ಬಂದ ಬ್ರಿಟಿಷ್ ಇಂಡಿಯಾ ಪಡೆಯಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಇತ್ತು. 63ನೇ ಪಾಳಯಂಕೋಟೆ ಪಡೆ, 98ನೇ ಪದಾತಿ, 101ನೇ ಗ್ರೆನೇಡಿಯರ್ಸ್ ಎಲ್ಲ ಅದರಲ್ಲೇ. ಅದರ ಡೈರಿಗೆ ಎರಡು ವಾರ ಕೊಟ್ಟೆ. ನನ್ನ ಕೆಲಸಕ್ಕೆ ಉಪಯೋಗ ಆಗಲಿಲ್ಲ, ಆದರೂ ಬಿಡಲು ಮನಸ್ಸು ಬರಲಿಲ್ಲ.

ಕಾಲ ಗೊತ್ತಾದಮೇಲೆ ಓದಬೇಕಾದ ಡೈರಿ ಸ್ವಲ್ಪವೇ ಉಳಿಯಿತು. ಡೈರಿಯ ಮುಖ್ಯ ಪುಟಗಳಲ್ಲಿ ಬಿಳಿಯ ಅಧಿಕಾರಿಗೆ ಹೆಸರು, ಆಸ್ಕರಿಗಳಿಗೆ ಬರೀ ಸಂಖ್ಯೆ. ಬಹಳ ಜನ ಅಲ್ಲಿಗೇ ಕೈಬಿಡ್ತಾರೆ. ನಾನು ಹಿಂದಿನ ಅನುಬಂಧಗಳನ್ನು ಒಂದೂ ಬಿಡದೆ ತಿರುವಿದೆ. 1917ರ ಜುಲೈ 19, ಈಗಿನ ಟಾಂಜಾನಿಯಾದ ಕಿಲ್ವಾದ ಒಳನಾಡಿನಲ್ಲಿ ನಡೆದ ನರುಂಗೊಂಬೆ ಕಾಳಗ. ಅದರ ಗಾಯಾಳುಗಳ ಪಟ್ಟಿಯಲ್ಲಿ ಆ ನಂಬರ್ ಇತ್ತು. ಪಕ್ಕದ ಹೆಸರು ನಾನು ಹಾಕಿ ನೋಡಿದ ಯಾವ ಸ್ಪೆಲ್ಲಿಂಗಿಗೂ ಹೋಲುವುದಿಲ್ಲ. ಗೆಳೆಯ ಜೋರಾಗಿ ಓದಿದ, ಅದು ಅವರ ಹುಟ್ಟುಹೆಸರು.

ಖರ್ಚು? ನೈರೋಬಿಯ ಹಣ ಬಿಟ್ಟರೆ ಕಮ್ಮಿ. ಕ್ಯೂನಲ್ಲಿ ರೀಡರ್ ಟಿಕೆಟ್ ಪುಕ್ಕಟೆ, ನಮ್ಮ ಫೋನಿನಲ್ಲಿ ಫೋಟೋ ತೆಗೆದರೂ ಪುಕ್ಕಟೆ. ರೈಲು, ಕಾಫಿ, ಹಳೇ ಕ್ಯಾಟಲಾಗು ಎಲ್ಲ ಸೇರಿ ಇನ್ನೂರೈವತ್ತು ಪೌಂಡ್ ಇರಬಹುದು.

ನೈರೋಬಿಯ ಕೆನ್ಯಾಟಾ ಅವೆನ್ಯೂದಲ್ಲಿ ಆಸ್ಕರಿ ಮತ್ತು ಹೊರೆಯಾಳುಗಳ ಕಂಚಿನ ಪ್ರತಿಮೆಗಳಿವೆ. ಒಬ್ಬರ ಹೆಸರನ್ನೂ ಅಲ್ಲಿ ಕೆತ್ತಿಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿದೆ: ಕಡಿಮೆ ಅಂದರೂ 1,16,000 ಜನ, ಬಹುಶಃ ಮೂರೂವರೆ ಲಕ್ಷದವರೆಗೆ, ಹೆಸರಿಲ್ಲದೆ ಅಥವಾ ಸ್ಮರಣೆಯೇ ಇಲ್ಲದೆ ಹೋಗಿದ್ದಾರೆ. ಅವರಲ್ಲಿ ಜಾಸ್ತಿ ಜನ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಇದು ನನಗೆ ಸಹಿಸಲಾಗದ ವಿಷಯ. ಹಾಗಾಗಿ ಈಗ 4ನೇ ರೆಜಿಮೆಂಟಿನ ಪಟ್ಟಿ ಶುರು ಮಾಡಿದ್ದೀನಿ. ನಿಮ್ಮ ಸಂಗ್ರಹದಲ್ಲಿ ಕೆಎಆರ್ ಮೆಡಲ್ ಇದ್ದರೆ ಮುಂಬದಿಯ ಫೋಟೋ ಬೇಡ. ಅಂಚನ್ನು ಓರೆ ಬೆಳಕಿನಲ್ಲಿ ಮೂರು ಕಡೆಯಿಂದ ತೆಗೆದು ಕಳಿಸಿ, ಸಾಕು.